ಹೆಗಲ ಮೇಲಿಂದ ಕಂಡದ್ದು

ಯುವಕ ಸಂಘದ ಅಧ್ಯಕ್ಷಗಿರಿಗೆ ಗರಗಸ ಹೆಸರು ಕೊಟ್ಟ ದಿನವೇ ಅವನ ಅಕ್ಕನ ಕೆಳತುಟಿ ಒಡೆಯಿತು. ಎರಡಕ್ಕೂ ಸಂಬಂಧವಿದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. "ಫಾರಮ್ಮಿನ ಬಾಗಿಲು ಬಡೀತು ಕಣೋ" ಅಂದಳು. ಕಬ್ಬಿಣದ ಬಾಗಿಲು, ಗಾಳಿ ಬೀಸುವ ಕಾಲ. ಇವನು ನಂಬಿದ.

ಗರಗಸ ಅನ್ನುವುದು ಮರದ ಮಿಲ್ಲಿನಲ್ಲಿ ಅವನಿಗೆ ಅಂಟಿಕೊಂಡ ಹೆಸರು. ದೊಡ್ಡ ಪಟ್ಟಿ ಗರಗಸದ ಮುಂದೆ ನಿಂತು ದಿಮ್ಮಿ ಸೀಳುವುದು ಅವನ ಕೆಲಸ. ಹೆಸರು ಕೇಳಿದವರು ಯಾರೋ ಕೈಕಾಲು ಕಡಿದು ಹಾಕುವ ಆಸಾಮಿ ಅಂದುಕೊಂಡು ಬರುತ್ತಿದ್ದರು. ಬಂದು ನೋಡಿದರೆ ಇರುವೆಗೂ ದಾರಿ ಬಿಟ್ಟು ನಡೆಯುವ ತೆಳ್ಳಗಿನ ಹುಡುಗ. ಮಿಲ್ಲಿನಲ್ಲಿ ಯಾರಾದರೂ ಜಗಳಕ್ಕೆ ನಿಂತರೆ ಅವನು ಸುಮ್ಮನೆ ಮೋಟಾರು ಹಾಕಿಬಿಡುತ್ತಿದ್ದ. ಆ ಸದ್ದಿನಲ್ಲಿ ಬೈದವನಿಗೇ ತನ್ನ ಬೈಗುಳ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಾಯಿ ಆಡಿಸಿ, ತಮಗೇ ನಗು ಬಂದು, ಇಬ್ಬರೂ ಕೆಲಸಕ್ಕೆ ಹಿಂದಿರುಗುತ್ತಿದ್ದರು.

ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರೆಲ್ಲ ಸೇರಿ ಕಟ್ಟಿಕೊಂಡಿದ್ದ ಸಂಘ ಅದು. ಒಂದು ಹೆಂಚಿನ ಕಟ್ಟಡ, ಮುಂದೆ ವಾಲಿಬಾಲ್ ಮೈದಾನ, ಸರದಿಯ ಮೇಲೆ ಎಲ್ಲರ ಹೊಲಕ್ಕೂ ಹೋಗಬೇಕಾದ ಉಳುವ ಟಿಲ್ಲರು. ಎಲ್ಲಕ್ಕಿಂತ ದೊಡ್ಡ ಆಸ್ತಿಯೆಂದರೆ ರೋಗಿಗಳನ್ನು ಕರೆದೊಯ್ಯುವ ಬಿಳಿ ವ್ಯಾನು. ಆಸ್ಪತ್ರೆ ಗುಡ್ಡದ ಆಚೆ. ವ್ಯಾನಿನ ಕೀ ಅಧ್ಯಕ್ಷನ ಜೇಬಿನಲ್ಲಿ. ಹಾಗಾಗಿ ಅಧ್ಯಕ್ಷನ ಜೇಬಿನಲ್ಲಿ ಏನೇನಿತ್ತು ಎಂಬುದು ಹೆರಿಗೆಗೆ ಕಾದಿರುವ ಹೆಂಗಸರಿಗೂ ಎದೆನೋವಿನ ಮುದುಕರಿಗೂ ಚೆನ್ನಾಗಿ ಗೊತ್ತಿತ್ತು.

ಆ ಅಧ್ಯಕ್ಷನೇ ಗರಗಸನ ಭಾವ, ಅಕ್ಕನ ಗಂಡ, ಊರಾಚೆಯ ಕೋಳಿ ಫಾರಮ್ಮಿನ ಒಡೆಯ. ಯಾವಾಗಲೂ ನಗುತ್ತಿದ್ದ ಮನುಷ್ಯ. ಹೆಗಲ ಮೇಲೆ ಕೈ ಹಾಕದೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆ ಕೈಯ ಭಾರ ಎಷ್ಟೆಂಬುದು ಹೆಗಲಿಗೆ ಮಾತ್ರ ಗೊತ್ತಾಗುತ್ತಿತ್ತು.

ಗರಗಸ ಅವನ ಎದುರು ನಿಲ್ಲುವ ಹಾಗಾದದ್ದು ಟೈಲರಕ್ಕನಿಂದ. ಬಸ್ ಸ್ಟ್ಯಾಂಡಿನ ಪಕ್ಕ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ, ನೆಟ್ಟಗೆ ಮಾತಾಡುವ ಹೆಂಗಸು. ಟಿಲ್ಲರು ಯಾಕೆ ಯಾವಾಗಲೂ ನಿಮ್ಮ ಕಡೆಯವರ ಹೊಲದಲ್ಲೇ ನಿಂತಿರುತ್ತೆ ಅಂತ ಸಭೆಯಲ್ಲಿ ಕೇಳಿದ್ದಳು. ಭಾವ ನಕ್ಕಿದ್ದ. ಆಮೇಲೆ ಅವಳ ತಂಗಿಗೆ ಹೆರಿಗೆ ನೋವು ಬಂದ ದಿನ ವ್ಯಾನು ಕೇಳಲು ಹೋದರೆ "ಬ್ರೇಕು ಹಿಡೀತಿಲ್ಲಮ್ಮ, ಜೀವದ ಪ್ರಶ್ನೆ ನೋಡು" ಅಂದಿದ್ದ. ತಂಗಿಯನ್ನು ಟ್ರಾಕ್ಟರಿನ ಟ್ರೈಲರಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟರು. ಗುಡ್ಡದ ತಿರುವಿನಲ್ಲಿ ಎದುರಿಗೆ ಬಂದದ್ದು ಅದೇ ವ್ಯಾನು, ತುಂಬ ಕೋಳಿ ಮೇವಿನ ಮೂಟೆ. ಮಗು ಟ್ರೈಲರಿನಲ್ಲೇ ಹುಟ್ಟಿತು, ಅಳಲಿಲ್ಲ.

ಟೈಲರಕ್ಕ ಮಿಲ್ಲಿಗೆ ಬಂದು ಮರದ ಪುಡಿಯ ಗುಡ್ಡೆಯ ಪಕ್ಕ ನಿಂತಳು. "ನೀನು ನಿಂತುಕೋ" ಅಂದಳು.

"ನಾನಾ? ನನಗೆ ನಾಲ್ಕು ಜನರ ಮುಂದೆ ಮಾತಾಡೋಕೆ ಬರಲ್ಲ ಟೈಲರಕ್ಕ. ನೀನೇ ನಿಂತುಕೋ."

"ನಾನು ನಿಂತರೆ ಸೇಡು ಅಂತಾರೆ. ನೀನಾದರೆ ಅವನ ಮನೆಯವನು. ಮನೆಯವನೇ ಬೇಡ ಅಂದ ಮೇಲೆ ಊರಿನವರಿಗೆ ಧೈರ್ಯ ಬರುತ್ತೆ. ಇನ್ನೊಂದು ಮಾತು, ಈ ಸೀಮೆಯಲ್ಲಿ ಯಾರಿಗೂ ಕೈ ಎತ್ತದ ಗಂಡಸು ಅಂತ ಹುಡುಕಿದರೆ ನೀನೊಬ್ಬನೇ ಸಿಗೋದು."

ಗರಗಸ ಅವತ್ತು ಊಟ ಮಾಡಲಿಲ್ಲ. ಮಾರನೆ ದಿನ ಸಂಘದ ಕಟ್ಟಡಕ್ಕೆ ಹೋಗಿ ಹೆಸರು ಕೊಟ್ಟು ಬಂದ.

ಭಾವ ಮಿಲ್ಲಿಗೆ ಬಂದದ್ದು ಅದಾದ ಕೆಲವು ದಿನಕ್ಕೆ. ಪಟ್ಟಿ ಗರಗಸ ಓಡುತ್ತಿತ್ತು, ಇವನು ಹಲಗೆ ತಳ್ಳುತ್ತಿದ್ದ. ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು.

"ಏನು ಬಾಮೈದ, ದೊಡ್ಡ ಮನುಷ್ಯ ಆಗಿಬಿಟ್ಟೆ! ಮನೇಲಿ ಒಂದು ಮಾತು ಹೇಳಬಾರದಾ?"

"ಹೇಳೋಣ ಅಂತಿದ್ದೆ ಭಾವ."

"ಇದು ಎಷ್ಟು ದಪ್ಪದ್ದನ್ನ ಸೀಳುತ್ತೆ?" ಭಾವ ಪಟ್ಟಿಯ ಕಡೆ ಗದ್ದ ಚಾಚಿದ. ಕೈ ಹೆಗಲಿನಿಂದ ಕುತ್ತಿಗೆಗೆ ಸರಿಯಿತು. "ಹಲಸಿನ ದಿಮ್ಮಿ ಸೀಳುತ್ತೆ. ತಲೆ?"

ಒತ್ತಿದ. ಗರಗಸನ ಮುಖ ಹಲಗೆಯ ಮೇಲೆ ಬಿತ್ತು. ಬೆಂಚಿನ ಅಂಚು ಹಿಡಿದುಕೊಂಡು ಹಿಂದಕ್ಕೆ ತಳ್ಳಿದ. ಭಾವನ ಕೈ ಕದಲಲಿಲ್ಲ. ಹಲಗೆ ಇಷ್ಟಿಷ್ಟೇ ಮುಂದೆ ಜಾರತೊಡಗಿತು. ಕಣ್ಣೆದುರು ಪಟ್ಟಿಯ ಹಲ್ಲುಗಳು ಹಲ್ಲುಗಳಾಗಿ ಕಾಣದೆ ಒಂದು ಹೊಳೆಯುವ ಗೆರೆಯಾಗಿ ಕಾಣುತ್ತಿದ್ದವು. ಹಣೆಯ ಮೇಲಿನ ಕೂದಲು ಗೆರೆಗೆ ತಾಗಿ ಸುಟ್ಟ ವಾಸನೆ ಬಂತು. ಮಿಲ್ಲಿನ ಯಜಮಾನ ಓಡಿಬಂದು ಮೋಟಾರು ಆರಿಸಿದ.

"ಹುಡುಗಾಟ ಕಣ್ರೀ ಯಜಮಾನ್ರೇ. ಭಾವ, ಬಾಮೈದ, ಇದ್ದದ್ದೇ ಅಲ್ವಾ" ಅಂತ ಭಾವ ನಕ್ಕು, ಗರಗಸನ ಅಂಗಿಯ ಮೇಲಿನ ಮರದ ಪುಡಿಯನ್ನು ಕೈಯಾರೆ ಕೊಡವಿ, ಬೈಕು ಹತ್ತಿ ಹೋದ.

ಟೈಲರಕ್ಕನ ಅಂಗಡಿಗೆ ಭಾವನ ಕಡೆಯವರು ಬಂದದ್ದು ಹಾಡುಹಗಲಲ್ಲಿ. ಭಾವನ ಬಲಗೈಯಂತಿದ್ದ ಒಬ್ಬ ಗಿಡ್ಡನೆಯ ಆಳು ಇದ್ದ, ಎಲ್ಲರೂ ಮೋಟು ಅನ್ನುತ್ತಿದ್ದರು. ಅವನು ಇಬ್ಬರನ್ನು ಕರೆದುಕೊಂಡು ಬಂದು ಮೊದಲು ಗಿರಾಕಿಗಳ ಬಟ್ಟೆಯ ಮೇಲೆ ಕಪ್ಪು ಎಂಜಿನ್ ಎಣ್ಣೆ ಸುರಿದ. ಆಮೇಲೆ ಹೊಲಿಗೆ ಮಿಷನ್ನು ಎತ್ತಿ ಚರಂಡಿಗೆ ಹಾಕಿದರು. ಟೈಲರಕ್ಕ ಕತ್ತರಿ ಹಿಡಿದು ಮೇಲೆ ಬಿದ್ದಳು. ಮೋಟುವಿನ ಕಿವಿ ಹರಿಯಿತು. ಇಬ್ಬರು ಅವಳನ್ನು ಹಿಡಿದು, ಬಲಗೈಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಚಾಚಿಸಿ, ಅವಳದೇ ಇಸ್ತ್ರಿ ಪೆಟ್ಟಿಗೆಯಿಂದ ಬೆರಳುಗಳ ಮೇಲೆ ಕುಟ್ಟಿದರು. ಬಸ್ಸಿಗೆ ಕಾಯುತ್ತಿದ್ದವರು ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತರು.

ಸಾಯಂಕಾಲ ಸಂಘದ ಹುಡುಗರೆಲ್ಲ ಮಿಲ್ಲಿನ ಅಂಗಳದಲ್ಲಿ ಸೇರಿದರು. ಕೈಯಲ್ಲಿ ಸಿಕ್ಕ ಸಿಕ್ಕ ಮರದ ರಿಪೀಸು, ಕಬ್ಬಿಣದ ಸರಳು. "ಒಂದು ಮಾತು ಹೇಳು, ಇವತ್ತೇ ಮೋಟುವಿನ ಕಾಲು ತೆಗೀತೀವಿ" ಅಂದರು.

ಗರಗಸ ಮರದ ದಿಮ್ಮಿಯ ಮೇಲೆ ಕೂತಿದ್ದ. "ಕೆಳಗಿಡಿ" ಅಂದ. "ನಾವೂ ಹೋಗಿ ಹೊಡೆದರೆ ಅವರಿಗೆ ಓಟು ಹಾಕೋದಕ್ಕೂ ನಮಗೆ ಹಾಕೋದಕ್ಕೂ ಏನು ವ್ಯತ್ಯಾಸ ಉಳೀತು?"

ಗೊಣಗಿಕೊಂಡೇ ಕೆಳಗಿಟ್ಟರು. ಆ ಮಾತು ಹಳ್ಳಿಯಿಂದ ಹಳ್ಳಿಗೆ ಹೋಯಿತು. ಗರಗಸನ ಸಭೆಗಳಿಗೆ ಜನ ಸೇರತೊಡಗಿದರು. ಟೈಲರಕ್ಕ ಕೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಮನೆಮನೆಗೆ ಹೋಗತೊಡಗಿದಳು. "ಬಾಯಿ ನೋಯಿಸಿಕೊಳ್ಳೋದೇ ಬೇಡ ಮಾರಾಯ, ಕೈ ಎತ್ತಿ ತೋರಿಸಿದರೆ ಸಾಕು, ಓಟು ಬೀಳುತ್ತೆ" ಅಂತ ನಗುತ್ತಿದ್ದಳು. ನಕ್ಕಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಗರಗಸ ಭಾವನ ಹತ್ತಿರ ನೇರವಾಗಿ ಮಾತಾಡಿಬಿಡೋಣ ಅಂತ ಫಾರಮ್ಮಿಗೆ ಹೋದ. ಭಾವ ಇರಲಿಲ್ಲ. ಅಕ್ಕ ಶೆಡ್ಡಿನ ಹೊರಗೆ ಕುಕ್ಕರಗಾಲಲ್ಲಿ ಕೂತು ಕೋಳಿಗಳ ನೀರಿನ ಬಟ್ಟಲು ತಿಕ್ಕುತ್ತಿದ್ದಳು. ತಮ್ಮನನ್ನು ಕಂಡು ಹಣೆಯ ಮೇಲಿನ ಕೂದಲು ಸರಿಸಲು ಕೈ ಎತ್ತಿದಳು. ರವಿಕೆಯ ತೋಳು ಜಾರಿತು. ಮೊಣಕೈಯಿಂದ ಮೇಲಕ್ಕೆ ಬಾಸುಂಡೆ ಮೇಲೆ ಬಾಸುಂಡೆ, ಕೆಲವು ಹಳದಿಗೆ ತಿರುಗಿದ್ದವು, ಕೆಲವು ಹಸಿಹಸಿ.

"ಇದೂ ಬಾಗಿಲು ಬಡಿದದ್ದಾ?"

ಅಕ್ಕ ಬಟ್ಟಲು ಕೆಳಗಿಟ್ಟಳು. "ನೀರಿನ ಪೈಪು" ಅಂದಳು. "ಮಡಚಿ ಹಿಡಿದುಕೊಂಡರೆ ಏಟು ಚೆನ್ನಾಗಿ ಕೂರುತ್ತೆ. ನಿನ್ನ ಒಂದೊಂದು ಸಭೆಗೆ ನನಗೆ ಒಂದೊಂದು ಸಲ. ಯಾವ ಹಳ್ಳಿಯಲ್ಲಿ ಎಷ್ಟು ಜನ ಸೇರಿದ್ದರು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ, ಬೆನ್ನೇ ಹೇಳುತ್ತೆ."

ಗರಗಸ ಅಲ್ಲೇ ಅವಳ ಪಕ್ಕ ನೆಲಕ್ಕೆ ಕೂತ. "ನಾಳೆನೇ ಹೋಗಿ ಹೆಸರು ವಾಪಸ್ ತಗೋತೀನಿ ಅಕ್ಕ."

"ತಗೊಂಡರೆ ನಿನ್ನ ಮುಖ ನೋಡಲ್ಲ." ಅವಳ ಧ್ವನಿ ಏರಲಿಲ್ಲ. "ನೀನು ನಿಲ್ಲದೆ ಇದ್ದಾಗಲೂ ಹೊಡೀತಿದ್ದ. ಉಪ್ಪು ಹೆಚ್ಚಾಯ್ತು, ಮಾತು ಹೆಚ್ಚಾಯ್ತು, ಕೋಳಿ ಸತ್ತಿತು. ಈಗ ಕಾರಣ ಬದಲಾಗಿದೆ, ಅಷ್ಟೇ. ನೀನು ಹಿಂದೆ ಸರಿದರೆ ಇಷ್ಟು ದಿನ ತಿಂದದ್ದೆಲ್ಲ ದಂಡ."

"ಹಾಗಾದರೆ ಈಗಲೇ ನಡಿ, ಮನೆಗೆ ಹೋಗೋಣ. ಅಮ್ಮ ಇದ್ದಾಳೆ, ನಾನಿದ್ದೀನಿ."

"ಈಗ ಬಂದರೆ ಓಟಿಗೋಸ್ಕರ ಅಕ್ಕನ ಸಂಸಾರ ಒಡೆದ ಅಂತ ಊರೆಲ್ಲ ಸಾರುತ್ತಾನೆ. ನೀನು ಸೋಲ್ತೀಯ. ಎಣಿಕೆ ಮುಗಿದ ತಕ್ಷಣ ಬಾ. ಅವನು ಅಲ್ಲಿ ಜನರ ಮಧ್ಯೆ ಇರ್ತಾನಲ್ಲ, ಆಗ ಬಂದು ಕರಕೊಂಡು ಹೋಗು. ಬಟ್ಟೆ ಗಂಟು ಕಟ್ಟಿ ಮೇವಿನ ಮೂಟೆ ಹಿಂದೆ ಇಟ್ಟಿದ್ದೀನಿ."

"ಖಂಡಿತ ಬರ್ತೀನಿ" ಅಂದ ಗರಗಸ. ಅವಳ ತಲೆ ಮುಟ್ಟಿ ಹೇಳಿದ.

ಓಟಿನ ದಿನ ಮೈದಾನ ಕಿಕ್ಕಿರಿದಿತ್ತು. ಭಾವ ಬಾಗಿಲಲ್ಲೇ ನಿಂತು ಬಂದ ಬಂದವರ ಹೆಗಲು ತಟ್ಟುತ್ತಿದ್ದ. ಜನ ತಟ್ಟಿಸಿಕೊಂಡು ಒಳಗೆ ಹೋಗಿ ತಮಗೆ ಬೇಕಾದ ಕಡೆ ಗುರುತು ಹಾಕಿ ಬಂದರು. ಊಟದ ಹೊತ್ತು ದಾಟಿದ ಮೇಲೆ ಎಣಿಕೆ ಮುಗಿಯಿತು. ಗರಗಸ ಗೆದ್ದಿದ್ದ, ಅದೂ ಭಾರಿ ಅಂತರದಿಂದ.

ಭಾವ ಬಂದು ಕೈ ಕುಲುಕಿದ. "ಒಳ್ಳೇದಾಗಲಿ ಬಾಮೈದ. ಕುರ್ಚಿ ಮನೆಯಲ್ಲೇ ಉಳೀತಲ್ಲ ಬಿಡು" ಅಂದ. ಬಾಯಿ ಮಾತ್ರ ನಗುತ್ತಿತ್ತು.

ಗರಗಸ ಹೊರಟೇಬಿಡೋಣ ಅಂತ ಬಾಗಿಲಿಗೆ ಬಂದ. ಅಷ್ಟರಲ್ಲಿ ಹುಡುಗರು ಅವನ ಕಾಲಿನ ನಡುವೆ ತಲೆ ತೂರಿಸಿ ಎತ್ತಿಬಿಟ್ಟರು. ಕೇಕೆ, ಶಿಳ್ಳೆ, ಯಾರೋ ತಗಡಿನ ಡಬ್ಬ ಬಡಿಯುತ್ತಿದ್ದಾರೆ. ಹೆಗಲಿನಿಂದ ಹೆಗಲಿಗೆ ಅವನನ್ನು ದಾಟಿಸುತ್ತ ಮೈದಾನ ಸುತ್ತತೊಡಗಿದರು. ಗರಗಸನಿಗೂ ಒಂದು ಗಳಿಗೆ ನಗು ಬಂತು. ಅವನ ಜೀವಮಾನದಲ್ಲಿ ಯಾರೂ ಅವನನ್ನು ಎತ್ತಿರಲಿಲ್ಲ. ಆ ಎತ್ತರದಿಂದ ಬೇಲಿಯಾಚೆಯ ರಸ್ತೆ ಪೂರಾ ಕಾಣುತ್ತಿತ್ತು, ಅದರ ಮೇಲೆ ಭಾವನ ಬೈಕು. ಅದು ಪೇಟೆಯ ಕಡೆಗೆ ಹೋಗಲಿಲ್ಲ. ಫಾರಮ್ಮಿನ ದಾರಿಗೆ ತಿರುಗಿತು.

"ಇಳಿಸಿ!" ಅಂತ ಕೂಗಿದ.

"ಅಧ್ಯಕ್ಷರು ನಾಚಿಕೊಳ್ತಿದಾರೆ!" ಅಂತ ಕೆಳಗೆ ನಗು.

"ಇಳಿಸ್ರೋ, ಅಕ್ಕ ಅಲ್ಲಿ ಒಬ್ಬಳೇ ಇದ್ದಾಳೆ!"

ಡಬ್ಬದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕಾಲು ಒದರಿದ, ಕೆಳಗಿದ್ದವನ ಕೂದಲು ಹಿಡಿದು ಎಳೆದ. ಅವರು ಇನ್ನೊಂದು ಸುತ್ತು ಹಾಕಿದರು. ಕೊನೆಗೆ ತಾನೇ ಮೈ ಬಿಸುಟು ತಲೆಕೆಳಗಾಗಿ ಬಿದ್ದು, ಎದ್ದು, ಬೇಲಿ ಹಾರಿ ಹೊಲಗಳ ಮಧ್ಯೆ ಓಡಿದ.

ಕೋಳಿಗಳ ಕೂಗು ದೂರದಿಂದಲೇ ಕೇಳುತ್ತಿತ್ತು. ಶೆಡ್ಡಿನೊಳಗೆ ಅಷ್ಟೂ ಬಿಳಿ ಕೋಳಿಗಳು ಒಂದು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಹತ್ತುತ್ತಿದ್ದವು. ಬಟ್ಟೆಯ ಗಂಟು ಬಿಚ್ಚಿ ಚೆಲ್ಲಾಡಿತ್ತು. ಅಕ್ಕ ಮೇವಿನ ಮೂಟೆಗಳ ಸಂದಿಯಲ್ಲಿ ಮುದುಡಿದ್ದಳು, ತಲೆಯನ್ನು ಎರಡೂ ತೋಳಲ್ಲಿ ಮುಚ್ಚಿಕೊಂಡು. ಭಾವ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ್ದ, ಕೊಳೆಯಾಗಬಾರದು ಅಂತ. ಕಪ್ಪು ಪೈಪು ಏಳುತ್ತಿತ್ತು, ಬೀಳುತ್ತಿತ್ತು. ಪ್ರತಿ ಏಟಿಗೂ ಒಂದು ಹಳ್ಳಿಯ ಹೆಸರು ಹೇಳುತ್ತಿದ್ದ.

ಗೋಡೆಗೆ ಒರಗಿಸಿದ್ದ ಗೊಬ್ಬರ ಎಳೆಯುವ ಸಲಿಕೆ ಗರಗಸನ ಕೈಗೆ ಹೇಗೆ ಬಂತೋ ಅವನಿಗೇ ಗೊತ್ತಿಲ್ಲ. ಮೊದಲ ಏಟು ಭಾವನ ತೋಳಿಗೆ ಬಿತ್ತು. ಭಾವ ತಿರುಗಿ ಪೈಪನ್ನು ಅವನ ಮುಖಕ್ಕೆ ಬೀಸಿದ. ಕಿವಿಯೊಳಗೆ ಏನೋ ಒಡೆಯಿತು. ಸಲಿಕೆ ಜಾರಿತು. ಇಬ್ಬರೂ ಗೊಬ್ಬರದ ಮೇಲೆ ಬಿದ್ದರು. ಭಾವ ಮೇಲೆ ಕೂತು ಪೈಪನ್ನು ಕುತ್ತಿಗೆಗೆ ಅಡ್ಡ ಹಾಕಿ ಎರಡೂ ಕೈಯಿಂದ ಒತ್ತಿದ. "ಅಧ್ಯಕ್ಷ! ಅಧ್ಯಕ್ಷ!" ಅನ್ನುತ್ತಿದ್ದ. ಕಣ್ಣು ಕತ್ತಲಿಟ್ಟಿತು, ಬಾಯಲ್ಲಿ ರಕ್ತ, ರೆಕ್ಕೆಯ ತುಪ್ಪಟ. ಗರಗಸನ ಕೈ ನೆಲ ತಡಕಿ ಒಂದು ಇಟ್ಟಿಗೆ ಹಿಡಿಯಿತು. ಕಪಾಲಕ್ಕೆ ಕೊಟ್ಟ. ಇನ್ನೊಂದು ಕೊಟ್ಟ. ಒತ್ತುತ್ತಿದ್ದ ಕೈ ಸಡಿಲವಾಯಿತು.

ಭಾವ ಉರುಳಿ, ಮಂಡಿಯೂರಿ, ಬಾಗಿಲ ಕಡೆಗೆ ತೆವಳಿದ. ಕಣ್ಣ ಮೇಲೆ ರಕ್ತ ಇಳಿಯುತ್ತಿತ್ತು. ಒಂದು ಕೈ ಮೇಲೆತ್ತಿ "ಸಾಕು ಬಾಮೈದ, ಸಾಕು, ತಪ್ಪಾಯ್ತು" ಅಂದ. ಆಗ ಅವನ ಮುಖದಲ್ಲಿ ನಗು ಇರಲಿಲ್ಲ. ಗರಗಸ ಮೊದಲ ಸಲ ಆ ಮುಖವನ್ನು ನಗುವಿಲ್ಲದೆ ನೋಡಿದ್ದು.

ಅಲ್ಲಿಗೆ ಮುಗಿಯಬಹುದಿತ್ತು.

ಗರಗಸ ಬಗ್ಗಿ ಸಲಿಕೆ ಎತ್ತಿಕೊಂಡ. ತೆವಳುತ್ತಿದ್ದವನ ಮಂಡಿಗೆ ಹೊಡೆದ. ಮಂಡಿ ಒಡೆಯಿತು. ಇನ್ನೊಂದು ಮಂಡಿಗೆ ಹೊಡೆದ. ಮೇಲೆತ್ತಿದ್ದ ಕೈಗೆ ಹೊಡೆದ. ಭಾವ ಕೂಗುತ್ತಿದ್ದ, ಅಕ್ಕ ಕೂಗುತ್ತಿದ್ದಳು, ಅವನಿಗೆ ಎರಡೂ ಮಿಲ್ಲಿನ ಮೋಟಾರಿನ ಸದ್ದಿನಾಚೆಯಿಂದ ಬಂದಂತೆ ಕೇಳಿಸುತ್ತಿತ್ತು. ಮನಸ್ಸಿಗೆ ಹಾಯಾಗಿತ್ತು. ನಿಜವಾಗಿ ಹಾಯಾಗಿತ್ತು. ಅದನ್ನು ಅವನು ಆಮೇಲೆ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಅಕ್ಕ ಎದ್ದು ಬಂದು ಸಲಿಕೆಯ ಕಾವು ಹಿಡಿದುಕೊಂಡಳು. "ಬಿಡೋ, ಸತ್ತುಹೋಗ್ತಾನೆ, ಬಿಡೋ!" ಗರಗಸ ಕೊಡವಿದ. ಅವಳು ಹಿಂದಕ್ಕೆ ಹಾರಿ ಕಂಬಕ್ಕೆ ಬಡಿದು ಬಿದ್ದಳು. ಬಿದ್ದಲ್ಲಿಂದ ಅವನನ್ನು ನೋಡಿದಳು. ನೋಡುತ್ತಲೇ ತನ್ನ ತಲೆಯನ್ನು ಎರಡೂ ತೋಳಲ್ಲಿ ಮುಚ್ಚಿಕೊಂಡಳು.

ಸಲಿಕೆ ತಾನಾಗಿ ಕೈಯಿಂದ ಬಿತ್ತು.

ಅಷ್ಟು ಹೊತ್ತಿಗೆ ಮೈದಾನದ ಜನ ಬಂದು ಸೇರಿದ್ದರು. "ಹಾಕು ಇನ್ನೆರಡು!" ಅಂದ ಒಬ್ಬ. ಯಾರೋ ಚಪ್ಪಾಳೆ ಹೊಡೆದರು. ಮೋಟುವಂತೂ ಗುಂಪಿನ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ "ಹಾಗೇ ಆಗಬೇಕು ಅವನಿಗೆ" ಅಂದ. ಟೈಲರಕ್ಕ ಜನರನ್ನು ಸರಿಸಿಕೊಂಡು ಒಳಗೆ ಬಂದಳು. ನೆಲದ ಮೇಲಿದ್ದವನನ್ನು ನೋಡಿದಳು. ಗರಗಸನನ್ನು ನೋಡಿದಳು. ಮೊಳೆಗೆ ನೇತುಹಾಕಿದ್ದ ಅಂಗಿಯ ಜೇಬಿಗೆ ಎಡಗೈ ಹಾಕಿ ವ್ಯಾನಿನ ಕೀ ತೆಗೆದಳು.

"ಇವನಿಗೆ ವ್ಯಾನಾ? ನಿನ್ನ ತಂಗಿಗೆ ಕೊಟ್ಟಿದ್ದನಾ ಇವನು?" ಅಂದರು ಯಾರೋ.

"ಬಾಯಿ ಮುಚ್ಚಿ ಕಾಲು ಹಿಡೀರಿ" ಅಂದಳು ಟೈಲರಕ್ಕ. "ಇವನು ಇಲ್ಲೇ ಸತ್ತರೆ ಆ ಹುಡುಗ ಕೊಲೆಗಾರ ಆಗ್ತಾನೆ. ಇದಕ್ಕಾ ನಾವು ಓಟು ಹಾಕಿದ್ದು?"

ಅಕ್ಕನನ್ನೂ ಭಾವನನ್ನೂ ಒಂದೇ ವ್ಯಾನಿನಲ್ಲಿ ಮಲಗಿಸಬೇಕಾಯಿತು. ನಡುವೆ ಟೈಲರಕ್ಕ ಕೂತಳು. ಗರಗಸ ಹತ್ತಲು ಬಂದಾಗ ಅಕ್ಕ ಮುಖವನ್ನು ವ್ಯಾನಿನ ತಗಡಿನ ಕಡೆ ತಿರುಗಿಸಿದಳು. ಅವನು ಇಳಿದು, ನಡೆದುಕೊಂಡೇ ಪೊಲೀಸ್ ಠಾಣೆಗೆ ಹೋದ.

ಭಾವ ಬದುಕಿದ. ಒಂದು ಕಾಲು ನೆಟ್ಟಗಾಗಲಿಲ್ಲ, ಬಲಗೈ ಮುಷ್ಟಿ ಕಟ್ಟಲು ಬರಲಿಲ್ಲ. ಜಾಮೀನು ಸಿಕ್ಕಿ ಗರಗಸ ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಬೀಡಿ ಸೇದುತ್ತಿದ್ದವರು ಬೀಡಿ ಬಿಸಾಡಿ ಎದ್ದು ನಿಂತರು. ಮಿಲ್ಲಿನಲ್ಲಿ ಯಾರೂ ಅವನೊಂದಿಗೆ ತಮಾಷೆ ಮಾಡಲಿಲ್ಲ. ಸಂಘದ ಸಭೆಗೆ ಹೋದರೆ ಕೋಣೆ ಗಪ್‌ಚಿಪ್ ಆಯಿತು, ನಡುವಿನ ಕುರ್ಚಿ ಖಾಲಿಯಾಯಿತು. ಮೋಟು ಆ ಕುರ್ಚಿಯನ್ನು ತನ್ನ ಟವೆಲಿನಿಂದ ಒರೆಸಿದ. "ಅಣ್ಣ, ಕೆರೆ ದಾರಿಯವನೊಬ್ಬ ಟಿಲ್ಲರು ವಾಪಸ್ ಕೊಡ್ತಿಲ್ಲ. ನೀವು ಒಂದು ಸಲ ಬಂದು ಸುಮ್ಮನೆ ನಿಂತರೆ ಸಾಕು" ಅಂದ.

ಗರಗಸ ಸುತ್ತ ಕಣ್ಣಾಡಿಸಿದ. ಮಿಲ್ಲಿನ ಅಂಗಳದಲ್ಲಿ ತನ್ನ ಮಾತಿಗೆ ಸರಳು ಕೆಳಗಿಟ್ಟ ಹುಡುಗರೇ ಅಲ್ಲಿದ್ದರು. ಅವತ್ತು ಅವರು ಗೊಣಗಿದ್ದರು. ಇವತ್ತು ಒಬ್ಬನೂ ಗೊಣಗುವ ಹಾಗಿರಲಿಲ್ಲ.

"ನಾನು ಇದರಲ್ಲಿ ಕೂರಲ್ಲ" ಅಂದ. "ಟೈಲರಕ್ಕ ನೋಡಿಕೊಳ್ಳಲಿ." ಹೋಗಬೇಡಿ ಅಂದರು, ಕೈ ಮುಗಿದರು. ಅವನು ಹೊರಗೆ ಬಂದುಬಿಟ್ಟ. ಟೈಲರಕ್ಕ ಆ ಕುರ್ಚಿಯನ್ನು ಮೂಲೆಗೆ ತಳ್ಳಿಸಿ, ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ಸಭೆ ನಡೆಸಿದಳಂತೆ. ಮೋಟುವನ್ನು ಅವತ್ತೇ ಹೊರಗೆ ಹಾಕಿದಳಂತೆ.

ಕೋರ್ಟಿನಲ್ಲಿ ಅಕ್ಕ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಪೈಪಿನದನ್ನೂ ಹೇಳಿದಳು, ಸಲಿಕೆಯದನ್ನೂ ಹೇಳಿದಳು. "ಇಟ್ಟಿಗೆಯಿಂದ ಹೊಡೆದದ್ದು ಜೀವ ಉಳಿಸಿಕೊಳ್ಳೋಕೆ. ಆಮೇಲಿಂದು ಯಾತಕ್ಕೆ ಅಂತ ಅವನನ್ನೇ ಕೇಳಿ ಸ್ವಾಮಿ" ಅಂದಳು. ಭಾವನಿಗೂ ಶಿಕ್ಷೆಯಾಯಿತು, ಗರಗಸನಿಗೂ ಆಯಿತು. ತಮ್ಮನ ಮೇಲೂ ಸಾಕ್ಷಿ ಹೇಳಿದಳಲ್ಲ ಅಂತ ಹೆತ್ತ ತಾಯಿ ಮಗಳ ಜೊತೆ ಎಷ್ಟೋ ದಿನ ಮಾತು ಬಿಟ್ಟಳು. ಮಗಳು ಅದೇ ಮನೆಯಲ್ಲಿದ್ದು, ಹೊಲಿಗೆ ಅಂಗಡಿಯಲ್ಲಿ ಟೈಲರಕ್ಕನ ಬಲಗೈಯ ಕೆಲಸ ಮಾಡುತ್ತ, ತಾಯಿಯ ಮುನಿಸು ಇಳಿಯುವವರೆಗೆ ಕಾದಳು.

ಜೈಲಿಗೆ ಅವಳು ಒಬ್ಬಳೇ ಬಂದಳು. ಸರಳಿನಾಚೆ ಬೆಂಚಿನ ತುದಿಯಲ್ಲಿ ಕೂತಳು. ತುಂಬ ಹೊತ್ತು ಅಮ್ಮನ ಕೀಲುನೋವಿನ ವಿಷಯ, ಮಿಲ್ಲಿನ ಯಜಮಾನ ಹೊಸ ಆಳು ಹಾಕಿಕೊಂಡ ವಿಷಯ ಮಾತಾಡಿದರು. ಕೊನೆಗೆ ಗರಗಸ ಕೇಳಿದ.

"ಅಕ್ಕ, ನನ್ನ ಕಂಡರೆ ಭಯನಾ?"

ಅವಳು ಸೆರಗಿನ ಅಂಚು ಸುತ್ತಿಕೊಂಡಳು, ಬಿಚ್ಚಿದಳು. "ಮೊನ್ನೆ ಅಮ್ಮ ಒಲೆ ಮುಂದೆ ಕೂತು ಸೌದೆ ಮುರಿದಳು. ನಾನು ಚಪ್ಪಲಿ ಕೂಡ ಹಾಕದೆ ಬೀದಿಗೆ ಓಡಿಬಿಟ್ಟೆ. ನೆನಪಾದದ್ದು ಅವನಲ್ಲ ಕಣೋ. ನೀನು."

ಗರಗಸ ಹಣೆಯನ್ನು ಸರಳಿಗೆ ಒತ್ತಿಕೊಂಡ. ಭುಜ ಕುಲುಕತೊಡಗಿತು. ಅಕ್ಕ ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅವನು ಮೂಗು ಒರೆಸಿಕೊಂಡು ತಲೆ ಎತ್ತುವವರೆಗೂ ಕೂತಿದ್ದಳು.

"ಬಸ್ಸಿಗೆ ಹೊತ್ತಾಯ್ತು" ಅಂದಳು ಆಮೇಲೆ. "ಮುಂದಿನ ತಿಂಗಳು ಅಮ್ಮನ್ನೂ ಕರಕೊಂಡು ಬರ್ತೀನಿ. ಅವಳ ಮುಂದೆ ಅಳಬೇಡ, ಆಯ್ತಾ?"

"ಆಯ್ತು" ಅಂದ.